ಬೀಗದ ಕೈ ಒಬ್ಬರಲ್ಲೇ ಇರಬೇಕೆ? – ನಮ್ಮ ಪದಕೋಶದ ಮುಂದಿನ ದಾರಿ

ಅಡ್ಕದಮನೆ, ಬದಿಯಡ್ಕ | ಜುಲೈ 5, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಜೂನ್ ತಿಂಗಳಲ್ಲಿ ನಮ್ಮ ಪದಕೋಶ ಹತ್ತೊಂಬತ್ತು ದಿನ ತೆರೆಯಲಿಲ್ಲ. ಶಾಲೆ ಶುರುವಾಗುವ ಹೊತ್ತು ಅದು. ಕನ್ನಡ ಮಾಧ್ಯಮದ ಅಧ್ಯಾಪಕರಿಗೆ ಅದರ ಅಗತ್ಯ ಹೆಚ್ಚಿರುವುದೂ ಆಗಲೇ. ಕಾರಣವನ್ನು ಮುಚ್ಚಿಡದೆ ಹೇಳುತ್ತೇನೆ. ಇಲಿಜ್ವರ ಬಂದು ನಾನು ಮಂಗಳೂರಿನ ಆಸ್ಪತ್ರೆಯಲ್ಲಿದ್ದೆ. ಡೊಮೈನ್, ಅಂದರೆ ನಮ್ಮ ಜಾಲತಾಣದ ವಿಳಾಸಕ್ಕೆ ಹಣ ಕಟ್ಟುವ ದಿನ ದಾಟಿತು. ನೆನಪೋಲೆ ಬರುತ್ತಿದ್ದುದು ನನ್ನೊಬ್ಬನ ಮಿಂಚಂಚೆಗೆ, ಸರ್ವರಿನ ಪಾಸ್‌ವರ್ಡ್ ಇದ್ದುದು ನನ್ನೊಬ್ಬನ ಪುಸ್ತಕದಲ್ಲಿ.

ಹೊಸಬರಿಗಾಗಿ ಎರಡು ಮಾತು. ನಮ್ಮದು ಸಣ್ಣ ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದದ್ದು. ಕೇರಳದ ಕಾಸರಗೋಡಿನಲ್ಲಿರುವ ನಮ್ಮಂಥ ಕನ್ನಡಿಗರಿಗೆ ಸರಕಾರಿ ಕಾಗದಗಳ ಮಲಯಾಳಂ ಪದಕ್ಕೆ ಕನ್ನಡದ ಅರ್ಥ ಕೊಡುತ್ತದೆ. ಕನ್ನಡದಂತೆಯೇ ಕಾಣುವ ಪದಗಳೇ ಇಲ್ಲಿ ಹೆಚ್ಚು ಕಾಡುತ್ತವೆ. ಮಲಯಾಳಂನ ‘ಅವಧಿ’ ಎಂದರೆ ರಜೆ. ‘ಉತ್ತರವ್’ ಎಂದರೆ ಆದೇಶ. ‘ವಿಜ್ಞಾಪನಂ’ ಎಂದರೆ ಅಧಿಸೂಚನೆ. ‘ಅಪೇಕ್ಷ’ ಎಂದರೆ ಅರ್ಜಿ.

ಆ ಹತ್ತೊಂಬತ್ತು ದಿನಗಳಲ್ಲಿ ಪೆರ್ಲದ ಕಡೆಯ ಒಬ್ಬ ತಾಯಿ ಮಗಳ ವಿದ್ಯಾರ್ಥಿವೇತನದ ಸೂಚನೆಯನ್ನು ಅಕ್ಷರ ಕೂಡಿಸಿ ಓದಿದರು. ಅದರಲ್ಲಿದ್ದ ‘ಅಪೇಕ್ಷ’ ಎಂಬುದನ್ನು ‘ಇಷ್ಟವಿದ್ದರೆ’ ಎಂದು ತಿಳಿದರು. ಪದಕೋಶ ತೆರೆದು ನೋಡಲು ಹೋದರೆ ಪುಟ ಖಾಲಿ. ಕೊನೆಯ ದಿನಾಂಕ ಕಳೆಯಿತು. ಇದನ್ನು ಅಲ್ಲಿನ ಅಧ್ಯಾಪಕಿ ಫೋನಿನಲ್ಲಿ ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ. ಆರು ವರ್ಷಗಳಿಂದ ಹದಿನಾಲ್ಕು ಮಂದಿ ಕಡ್ಡಿ ತಂದುಕೊಟ್ಟಿದ್ದೀರಿ. ಹೊರೆಯನ್ನು ಮಾತ್ರ ನಾನು ಯಾರ ತಲೆಗೂ ದಾಟಿಸಲಿಲ್ಲ. ಈಗ ಹೇಗೆ ದಾಟಿಸಬೇಕು ಎಂಬುದೇ ನನ್ನ ಪ್ರಶ್ನೆ. ನಿಮ್ಮ ಅನುಭವ ಹೇಳಿ.

ಪೆರಿಯದ ವಿದ್ಯಾರ್ಥಿನಿ | ಜುಲೈ 5, ರಾತ್ರಿ 10.25

ಅಣ್ಣಾ, ಮೊದಲು ಆರೋಗ್ಯ ಸುಧಾರಿಸಿಕೊಳ್ಳಿ. ಮಳೆ ಬಿಡುವವರೆಗೆ ತೋಟಕ್ಕೆ ಬರಿಗಾಲಲ್ಲಿ ಇಳಿಯಬೇಡಿ.

ಇದು ಸಣ್ಣ ಯೋಜನೆಗಳಿಗೆ ಮಾತ್ರ ಬರುವ ಕಷ್ಟವಲ್ಲ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಹುಟ್ಟುಹಾಕಿದ ಗೈಡೋ ವಾನ್ ರಾಸಮ್ 1991ರಿಂದಲೂ ಅದರ ಕೊನೆಯ ಮಾತಾಗಿದ್ದರು. 2018ರ ಜುಲೈ 12ರಂದು, ಒಂದು ಹೊಸ ಬರಹಚಿಹ್ನೆಯನ್ನು ಸೇರಿಸಬೇಕೇ ಬೇಡವೇ ಎಂಬ ದೀರ್ಘ ಜಗಳದ ನಂತರ, ಇನ್ನು ತೀರ್ಮಾನಗಳು ನನ್ನವಲ್ಲ ಎಂದು ಬರೆದು ಆ ಸ್ಥಾನ ಬಿಟ್ಟರು. ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ಹೆಸರಿಸಲಿಲ್ಲ. ಮುಂದೆ ಹೇಗೆ ನಡೆಯಬೇಕು ಎಂಬುದನ್ನು ಕೆಲಸ ಮಾಡುವವರೇ ನಿರ್ಧರಿಸಲಿ ಎಂದರು. ತಿಂಗಳುಗಟ್ಟಲೆ ಚರ್ಚೆ ನಡೆದು, ಹಲವು ಮಾದರಿಗಳ ನಡುವೆ ಮತದಾನವಾಗಿ, 2019ರ ಆರಂಭದಲ್ಲಿ ಐದು ಜನರ ಮಂಡಳಿ ಬಂತು. ಪ್ರತಿ ದೊಡ್ಡ ಆವೃತ್ತಿಯ ನಂತರ ಹೊಸ ಚುನಾವಣೆ ನಡೆಯಬೇಕು. ಒಂದೇ ಸಂಸ್ಥೆಯಲ್ಲಿ ದುಡಿಯುವ ಇಬ್ಬರಿಗಿಂತ ಹೆಚ್ಚು ಮಂದಿ ಮಂಡಳಿಯಲ್ಲಿ ಇರಬಾರದು. ಮೂರರಲ್ಲಿ ಎರಡು ಪಾಲು ಮತ ಬಿದ್ದರೆ ಮಂಡಳಿಯನ್ನು ಇಳಿಸಬಹುದು.

ಗೈಡೋ ಅವರೂ ಆ ಮೊದಲ ಮಂಡಳಿಗೆ ಆಯ್ಕೆಯಾದರು, ಐದರಲ್ಲಿ ಒಬ್ಬರಾಗಿ. ನನಗೆ ಇದು ಬಹಳ ಇಷ್ಟವಾದ ಸಂಗತಿ. ಬಿಟ್ಟುಕೊಟ್ಟವರು ಮನೆಗೆ ಹೋಗಬೇಕಾಗಿಲ್ಲ.

ಉಪ್ಪಳದವನು, ಈಗ ಬೆಂಗಳೂರು | ಜುಲೈ 6, ಬೆಳಿಗ್ಗೆ 7.50

ನನ್ನ ಅಭಿಪ್ರಾಯ ಬೇರೆ. ಎಂಟು ವರ್ಷ ಕಂಪನಿಗಳಲ್ಲಿ ಸಮಿತಿಗಳನ್ನು ನೋಡಿದ್ದೇನೆ. ಐವರು ಕುಳಿತರೆ ಐದು ವಾರ, ಕೊನೆಗೆ ಯಾರೂ ಹೊಣೆಯಲ್ಲ. ಕಂಪ್ಯೂಟರುಗಳನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್ 1991ರಿಂದ ಇಂದಿನವರೆಗೆ ಅದನ್ನು ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರ ಕೈಯಲ್ಲಿದೆ, ಜಗತ್ತನ್ನು ನಡೆಸುತ್ತಿದೆ. ನಮ್ಮ ಪದಕೋಶದ ಹೆಚ್ಚುಗಾರಿಕೆಯೂ ಏಕರೂಪತೆಯೇ. ಒಬ್ಬ ಮನುಷ್ಯ ಪ್ರತಿ ಪದವನ್ನೂ ತೂಗಿ ಇಟ್ಟದ್ದರಿಂದ ಅದು ನಂಬಿಕೆಗೆ ಪಾತ್ರವಾಯಿತು. ಹಣ ಕಟ್ಟಲು ಮರೆತದ್ದಕ್ಕೆ ಪರಿಹಾರ ತಾನಾಗಿ ಹಣ ಪಾವತಿಯಾಗುವ ವ್ಯವಸ್ಥೆ. ಅದಕ್ಕಾಗಿ ನಾಯಕತ್ವವನ್ನೇ ಒಡೆಯಬೇಕೆ?

ಪೆರಿಯದ ವಿದ್ಯಾರ್ಥಿನಿ | ಜುಲೈ 6, ಬೆಳಿಗ್ಗೆ 9.15

ಲಿನಕ್ಸ್ ಒಬ್ಬರ ಕೈಯಲ್ಲಿದೆ ಎನ್ನುವುದು ಅರ್ಧ ಮಾತು. ಅದರ ಮೂಲಸಂಕೇತದ ಜೊತೆಗೇ ‘ಮೇಂಟೇನರ್ಸ್’ ಎಂಬ ಕಡತವಿದೆ. ಕಡತವ್ಯವಸ್ಥೆ, ನೆಟ್‌ವರ್ಕ್, ಒಂದೊಂದು ಬಗೆಯ ಯಂತ್ರಭಾಗ ಹೀಗೆ ಪ್ರತಿಯೊಂದಕ್ಕೂ ಯಾರು ಹೊಣೆ ಎಂದು ಅದರಲ್ಲಿ ಹೆಸರು ಸಮೇತ ಬರೆದಿದೆ. ತಿದ್ದುಪಡಿ ಮೊದಲು ಆ ಹೊಣೆಗಾರರ ಬಳಿ ಹೋಗುತ್ತದೆ. ಅವರು ಒಪ್ಪಿದ್ದು ಒಟ್ಟಾಗಿ ಮೇಲಕ್ಕೆ ಹೋಗುತ್ತದೆ. ಲಿನಸ್ ಪ್ರತಿ ಸಾಲನ್ನೂ ತೂಗುವುದಿಲ್ಲ. ಸಾಲನ್ನು ತೂಗುವವರನ್ನು ನಂಬುತ್ತಾರೆ.

2018ರ ಸೆಪ್ಟೆಂಬರಿನಲ್ಲಿ ಅವರು ತಮ್ಮ ಒರಟು ನಡವಳಿಕೆಗೆ ಕ್ಷಮೆ ಕೇಳಿ ಕೆಲವು ವಾರ ಬಿಡುವು ಪಡೆದರು. ಹೊಣೆಗಾರರಲ್ಲಿ ಒಬ್ಬರಾದ ಗ್ರೆಗ್ ಕ್ರೋವಾ-ಹಾರ್ಟ್‌ಮನ್ 4.19ನೇ ಆವೃತ್ತಿಯ ಕೆಲಸ ಮುಗಿಸಿ ಬಿಡುಗಡೆ ಮಾಡಿದರು. ಯಾವ ಕಂಪ್ಯೂಟರೂ ನಿಲ್ಲಲಿಲ್ಲ. ನಮ್ಮಲ್ಲಿ ಒಬ್ಬರು ಮಲಗಿದಾಗ ಪುಟವೇ ಮಲಗಿತು.

ತಾನಾಗಿ ಹಣ ಪಾವತಿಯಾದರೆ ಡೊಮೈನ್ ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಅದೇ ಹತ್ತೊಂಬತ್ತು ದಿನಗಳಲ್ಲಿ ತಪ್ಪು ಅರ್ಥವೊಂದು ಕಣ್ಣಿಗೆ ಬಿದ್ದಿದ್ದರೆ ಯಾರು ತಿದ್ದುತ್ತಿದ್ದರು?

ಕುಂಬಳೆಯ ನಿವೃತ್ತ ಮಾಸ್ತರ | ಜುಲೈ 6, ಮಧ್ಯಾಹ್ನ 3.30

ನನಗೆ ಕಂಪ್ಯೂಟರಿನ ಒಳಗು ಗೊತ್ತಿಲ್ಲ. ಪದಕೋಶಕ್ಕೆ ಪದ ಕಳಿಸುವವರಲ್ಲಿ ನಾನೂ ಒಬ್ಬ. ಆದರೆ ಇದು ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು, ಆದ್ದರಿಂದ ಆಟದ ಮಾತು ಹೇಳಲು ನನಗೆ ಅಧಿಕಾರವಿದೆ ಎಂದುಕೊಳ್ಳುತ್ತೇನೆ.

ಯಕ್ಷಗಾನದಲ್ಲಿ ಭಾಗವತನೇ ಮೊದಲನೆಯ ವೇಷ. ಪದ್ಯ ಎತ್ತುವವನು ಅವನು, ಪ್ರಸಂಗದ ನಡೆ ಹಿಡಿಯುವವನು ಅವನು, ಯಾವ ಪದ್ಯ ಬಿಡಬೇಕು ಎಂದು ನಿಂತಲ್ಲೇ ತೀರ್ಮಾನಿಸುವವನೂ ಅವನೇ. ಉಪ್ಪಳದ ತಮ್ಮ ಹೇಳುವ ಏಕರೂಪತೆ ಅಲ್ಲಿಂದಲೇ ಬರುತ್ತದೆ. ಆದರೆ ಇರುಳಿಡೀ ಒಬ್ಬನೇ ಹಾಡುವುದನ್ನು ಎಲ್ಲಿಯಾದರೂ ಕಂಡಿದ್ದೀರಾ? ಪೂರ್ವರಂಗವನ್ನು ಕಲಿಯುತ್ತಿರುವ ಹುಡುಗ ಹಾಡುತ್ತಾನೆ. ಅವನು ಹಾಡುವುದು ಮನೆಯ ಜಗಲಿಯಲ್ಲಿ ಅಲ್ಲ, ಅದೇ ರಂಗಸ್ಥಳದಲ್ಲಿ, ಅದೇ ಚೆಂಡೆ ಮದ್ದಳೆಯ ಜೊತೆಗೆ, ನಿಜವಾದ ಸಭೆಯ ಎದುರು. ಆಮೇಲೆ ಇನ್ನೊಬ್ಬರು ಬರುತ್ತಾರೆ, ನಡುರಾತ್ರಿ ಕಳೆದ ಮೇಲೆ ಮತ್ತೊಬ್ಬರು. ಜಾಗಟೆ ಕೈಯಿಂದ ಕೈಗೆ ಹೋಗುತ್ತದೆ. ಹೋಗುವ ಆ ಕ್ಷಣದಲ್ಲಿ ತಾಳ ನಿಲ್ಲುವುದಿಲ್ಲ. ಅದಕ್ಕಾಗಿಯೇ ಕೊಡುವವರೂ ಪಡೆಯುವವರೂ ಒಂದಿಷ್ಟು ಹೊತ್ತು ಅಕ್ಕಪಕ್ಕ ಕುಳಿತಿರುತ್ತಾರೆ.

ಹಾಡುತ್ತಿರುವಷ್ಟು ಹೊತ್ತು ಒಬ್ಬನೇ ನಾಯಕ, ನಿಜ. ಆದರೆ ಹೊತ್ತು ಅವನೊಬ್ಬನದಲ್ಲ. ನಮ್ಮ ಪದಕೋಶಕ್ಕೂ ತಿಂಗಳಿಗೊಬ್ಬರಂತೆ ಜಾಗಟೆ ಹಿಡಿಯಬಾರದೆ?

ಮಂಜೇಶ್ವರದ ಅನುವಾದಕಿ | ಜುಲೈ 6, ರಾತ್ರಿ 8.40

ಮಾಸ್ತರರ ಮಾತು ಚೆನ್ನಾಗಿದೆ. ಆದರೆ ಜಾಗಟೆ ಕೊಡುವ ಮೊದಲು ಪಡೆಯುವವರ ಮುಖ ನೋಡಿರಬೇಕು. ಎಕ್ಸ್‌ಝಡ್ ಎಂಬ ತಂತ್ರಾಂಶದ ಕಥೆ ನೆನಪಿಸುತ್ತೇನೆ. ಕಡತಗಳನ್ನು ಕುಗ್ಗಿಸುವ ಸಣ್ಣ ಸಾಧನ ಅದು, ಆದರೆ ಲಿನಕ್ಸ್ ಇರುವಲ್ಲೆಲ್ಲ ಇದೆ. ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅದೂ ಬಿಡುವಿನ ವೇಳೆಯಲ್ಲಿ. ಮನಸ್ಸಿನ ಆರೋಗ್ಯ ಸರಿಯಿಲ್ಲ ಎಂದು ಅವರೇ ಹೇಳಿಕೊಂಡಿದ್ದರು. ಅದೇ ಸಮಯದಲ್ಲಿ ಯಾರು ಯಾರೋ ಬಂದು ‘ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ’ ಎಂದು ಒತ್ತಡ ಹಾಕಿದರು. ಜಿಯಾ ಟಾನ್ ಎಂಬ ಹೆಸರಿನ ಒಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿ, ಬಿಡುಗಡೆಯ ಅಧಿಕಾರ ಪಡೆದು, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹೊರಗಿನವರು ಗುಟ್ಟಾಗಿ ನುಸುಳುವ ಕಳ್ಳಬಾಗಿಲು ಇಟ್ಟರು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಅದನ್ನು ಬಯಲು ಮಾಡಿದರು. ದೂರದ ಯಂತ್ರಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಏಕೆ ಎಂದು ಅವರು ಕೆದಕಿ ನೋಡಿದ್ದರಿಂದ ಎಷ್ಟೋ ಸರ್ವರುಗಳು ಉಳಿದವು.

ಒಬ್ಬರೇ ಹೊತ್ತರೆ ಅಪಾಯ ಎಂಬುದಕ್ಕೂ ಇದು ಉದಾಹರಣೆ, ದಣಿದ ಹೊತ್ತಿನಲ್ಲಿ ಹೊರೆ ಕೊಟ್ಟರೆ ಅಪಾಯ ಎಂಬುದಕ್ಕೂ ಇದೇ ಉದಾಹರಣೆ. ಆದ್ದರಿಂದ ಗಟ್ಟಿಯಾಗಿರುವಾಗಲೇ ಹಂಚಬೇಕು, ನೋಡಿ ಹಂಚಬೇಕು. ಲಿನಕ್ಸಿನ ಒಂದು ಬಗೆಯನ್ನು ಸ್ವಯಂಸೇವಕರಾಗಿ ಕಟ್ಟುವ ಡೆಬಿಯನ್‌ನವರು ಹೊಸ ಸದಸ್ಯರನ್ನು ಸೇರಿಸಿಕೊಳ್ಳುವಾಗ ಹಳೆಯ ಸದಸ್ಯರು ಅವರ ಡಿಜಿಟಲ್ ಕೀಲಿಗೆ ಸಾಕ್ಷಿ ಹಾಕುವ ಕ್ರಮವಿದೆ. ಬಹುಪಾಲು ಮುಖತಃ ಭೇಟಿಯಾಗಿಯೇ. ನಮಗೆ ಅದು ಸುಲಭ. ಮಂಜೇಶ್ವರದಿಂದ ಬದಿಯಡ್ಕಕ್ಕೆ ಬಸ್ ಇದೆ.

ಇನ್ನೊಂದು ಮಾತಿದೆ. ಬರೆಯಲೋ ಬೇಡವೋ ಎಂದು ಮಧ್ಯಾಹ್ನದಿಂದ ಯೋಚಿಸಿದೆ. ಎರಡು ವರ್ಷದ ಹಿಂದೆ ಕಂದಾಯ ಇಲಾಖೆಯ ಪದಗಳನ್ನು ನಾನು ಮೂರು ತಿಂಗಳು ಕುಳಿತು ಸಿದ್ಧಪಡಿಸಿದೆ. ‘ಭೂನಿಕುತಿ’ಗೆ ‘ತೀರ್ವೆ’ ಎಂದು ಕೊಟ್ಟಿದ್ದೆ, ನಮ್ಮ ಊರಿನವರು ಹಾಗೆಯೇ ಹೇಳುವುದರಿಂದ. ಒಂದು ಬೆಳಿಗ್ಗೆ ನೋಡಿದರೆ ‘ತೀರ್ವೆ’ ಹೋಗಿ ‘ಭೂಕಂದಾಯ’ ಬಂದಿತ್ತು. ಹಾಗೆಯೇ ಸುಮಾರು ನಲವತ್ತು ಪದಗಳು. ಒಂದು ಸಾಲಿನ ಕಾರಣವೂ ಇರಲಿಲ್ಲ. ನಾನು ಜಗಳ ಮಾಡಲಿಲ್ಲ, ಸುಮ್ಮನೆ ನಿಲ್ಲಿಸಿದೆ. ನನ್ನಿಂದ ದುಡಿಮೆ ಬೇಕು, ಅಭಿಪ್ರಾಯ ಬೇಡ ಎಂದು ಅನ್ನಿಸಿತು.

ನೀರ್ಚಾಲಿನ ಓದುಗ | ಜುಲೈ 6, ರಾತ್ರಿ 9.05

ಅಕ್ಕ ಹೇಳಿದ್ದು ಸರಿ. ನಾನು ಶಾಲಾ ಪದಗಳ ಪಟ್ಟಿಯನ್ನು ಬಿಟ್ಟದ್ದೂ ಅದೇ ಕಾರಣಕ್ಕೆ. ಹೇಳಿರಲಿಲ್ಲ ಅಷ್ಟೆ.

ಅಡ್ಕದಮನೆ, ಬದಿಯಡ್ಕ | ಜುಲೈ 7, ಬೆಳಿಗ್ಗೆ 6.20

ಅಕ್ಕಾ, ಕ್ಷಮಿಸಿ. ಆ ದಿನ ನನಗೆ ನೆನಪಿದೆ. ಪಠ್ಯಪುಸ್ತಕದಲ್ಲಿ ‘ಕಂದಾಯ’ ಎಂದಿರುವುದರಿಂದ ಮಕ್ಕಳಿಗೆ ಗೊಂದಲವಾಗಬಾರದು ಎಂದುಕೊಂಡು ರಾತ್ರಿ ಎರಡು ಗಂಟೆಗೆ ಕುಳಿತು ಬದಲಿಸಿದೆ. ನಿಮ್ಮನ್ನು ಕೇಳಬೇಕು ಎಂದೇ ಹೊಳೆಯಲಿಲ್ಲ. ನೀವು ಮತ್ತೆ ಬರದಿದ್ದಾಗ ಮನೆ ಕೆಲಸ ಹೆಚ್ಚಿರಬಹುದು ಎಂದು ತಿಳಿದೆ.

ರಾತ್ರಿ ನಿಮ್ಮ ಬರಹ ಓದಿದ ಮೇಲೆ ನನಗೆ ತಿಳಿದದ್ದು ಇಷ್ಟು: ನಾನು ಈವರೆಗೆ ಕೆಲಸ ಹಂಚಿದ್ದೆ, ತೀರ್ಮಾನ ಹಂಚಿರಲಿಲ್ಲ. ಪದ ಹುಡುಕುವುದು, ಅಕ್ಷರ ತಿದ್ದುವುದು, ಪರೀಕ್ಷಿಸುವುದು ಎಲ್ಲವನ್ನೂ ಕೊಟ್ಟೆ. ಯಾವುದು ಉಳಿಯಬೇಕು ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಂಡೆ. ಕೈಕೆಳಗೆ ದುಡಿಯುವವರನ್ನು ಕೂಡಿಸಿಕೊಂಡು ಜೊತೆಗಾರರು ಎಂದು ಕರೆದೆ. ನೀರ್ಚಾಲಿನ ತಮ್ಮನಿಗೂ ಇದೇ ಮಾತು.

ನಲವತ್ತೂ ಪದಗಳ ಹಳೆಯ ರೂಪ ಪದಕೋಶದ ಬದಲಾವಣೆಗಳ ಇತಿಹಾಸದಲ್ಲಿ ಹಾಗೆಯೇ ಇದೆ. ಇಂದೇ ಮರಳಿ ಹಾಕಬಲ್ಲೆ. ಆದರೆ ಹಾಕುವುದು ನಾನಾಗಬಾರದು.

ತೋಡಿನ ಬದಿ, ಎಣ್ಮಕಜೆ | ಜುಲೈ 7, ಬೆಳಿಗ್ಗೆ 11.00

ನಾನು ಕೃಷಿಕ. ಸರಕಾರಿ ಅರ್ಜಿ ಕೊಡುವ ಅಕ್ಷಯ ಕೇಂದ್ರಕ್ಕೆ ಹೋಗುವ ಮೊದಲು ಮೊಬೈಲಿನಲ್ಲಿ ಪದಕೋಶ ನೋಡಿ ಹೋಗುವವರಲ್ಲಿ ಒಬ್ಬ. ನಮ್ಮ ತೋಡಿನ, ಅಂದರೆ ಹಳ್ಳದ, ಕಟ್ಟದ ವಿಷಯ ಹೇಳುತ್ತೇನೆ, ಉಪಯೋಗವಾದರೆ ಆಗಲಿ.

ಮಳೆ ನಿಂತು ಹರಿವು ಕಡಿಮೆಯಾದ ಮೇಲೆ ತೋಡಿಗೆ ಕಟ್ಟ ಹಾಕುತ್ತೇವೆ. ಹಿಂದೆ ಕಲ್ಲು ಮಣ್ಣು, ಈಗ ಕಾಂಕ್ರೀಟು ಕಂಬಗಳ ನಡುವೆ ಮರದ ಹಲಗೆ. ನೀರು ನಿಂತರೆ ಮೇಲಿನ ತೋಟಗಳ ಬಾವಿ, ನೀರಿನ ಸುರಂಗ ಎಲ್ಲಕ್ಕೂ ಬೇಸಿಗೆಯಲ್ಲಿ ಜೀವ. ಹಾಕುವಾಗ ಹನ್ನೆರಡು ಮನೆಯವರೂ ಸೇರುತ್ತೇವೆ, ಮಧ್ಯಾಹ್ನದ ಊಟವೂ ಒಟ್ಟಿಗೆ. ಆದರೆ ಮಳೆಗಾಲದ ಮೊದಲು ಹಲಗೆ ತೆಗೆಯುವ ವಿದ್ಯೆ ಒಬ್ಬ ಹಿರಿಯರಿಗೆ ಮಾತ್ರ ಗೊತ್ತಿತ್ತು. ಯಾವುದನ್ನು ಮೊದಲು ಎಳೆಯಬೇಕು, ಯಾವುದು ಬಿಗಿದುಕೊಂಡಿರುತ್ತದೆ, ಕೊಕ್ಕೆ ಎಲ್ಲಿದೆ, ಎಲ್ಲವೂ ಅವರ ತಲೆಯಲ್ಲಿ. ಒಂದು ವರ್ಷ ಅವರು ಮಗಳ ಮನೆಗೆ ಹೋಗಿದ್ದಾಗ ಮೇ ತಿಂಗಳ ನಡುವಿನಲ್ಲೇ ದೊಡ್ಡ ಮಳೆ ಸುರಿಯಿತು. ನಾವು ಏಳು ಜನ ದಂಡೆಯಲ್ಲಿ ನಿಂತಿದ್ದೆವು. ಯಾರಿಗೂ ಹಲಗೆ ಎಳೆಯಲು ಆಗಲಿಲ್ಲ. ಎರಡು ಮನೆಯ ಅಡಿಕೆ ತೋಟಕ್ಕೆ ನೀರು ನುಗ್ಗಿ ಮಣ್ಣು ಕೊಚ್ಚಿಹೋಯಿತು.

ಹಿರಿಯರು ಮರಳಿ ಬಂದವರೇ ಮೊದಲು ಮಾಡಿದ ಕೆಲಸವೆಂದರೆ ಹಲಗೆಗಳಿಗೆ ಬಣ್ಣದಲ್ಲಿ ಸಂಖ್ಯೆ ಬರೆದದ್ದು. ಮರುವರ್ಷ ತಾವು ದಂಡೆಯಲ್ಲಿ ಕುಳಿತು ನಮ್ಮ ಕೈಯಿಂದ ತೆಗೆಸಿದರು. ಒಬ್ಬ ಹುಡುಗ ಮೂರರ ಮೊದಲು ನಾಲ್ಕನ್ನು ಎಳೆಯಲು ಹೋದ. ಅವರು ಎದ್ದು ಬರಲಿಲ್ಲ. ಅಲ್ಲಿಂದಲೇ ‘ನೀರಿನ ಸದ್ದು ಕೇಳು’ ಎಂದರು. ಈಗ ಕೊಕ್ಕೆ ಮೂರು ಮನೆಗಳಲ್ಲಿದೆ.

ನಿಮ್ಮ ಪಾಸ್‌ವರ್ಡಿಗೂ ಮೂರು ಮನೆ ಬೇಕು. ಬರೆದಿಟ್ಟರೆ ಸಾಲದು, ಒಮ್ಮೆ ನೀವು ಕುಳಿತು ಅವರಿಂದ ತೆಗೆಸಬೇಕು.

ಉಪ್ಪಳದವನು, ಈಗ ಬೆಂಗಳೂರು | ಜುಲೈ 7, ಸಂಜೆ 6.45

ಕಟ್ಟದ ಕಥೆ ನನ್ನನ್ನು ಹಿಡಿದು ನಿಲ್ಲಿಸಿತು. ಅಂಥ ತೋಡಿನ ಬದಿಯಲ್ಲೇ ನಾನೂ ಬೆಳೆದವನು. ಮೂರು ಮನೆಗೆ ಕೀಲಿ ಕೊಡುವುದನ್ನು ಒಪ್ಪುತ್ತೇನೆ. ಆದರೆ ಹೊಣೆ ಯಾರದು ಎಂಬ ನನ್ನ ಪ್ರಶ್ನೆ ಉಳಿದಿದೆ. ‘ನಾವೆಲ್ಲರೂ’ ಎಂದರೆ ‘ಯಾರೂ ಇಲ್ಲ’ ಎಂದಾಗಬಾರದು. 2014ರಲ್ಲಿ ಹಾರ್ಟ್‌ಬ್ಲೀಡ್ ದೋಷ ಹೊರಬಂದಾಗ ಎಲ್ಲರಿಗೂ ತಿಳಿದದ್ದು ಅದೇ ಅಲ್ಲವೇ? ಆ ದೋಷ ಇದ್ದುದು ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ, ಅಂತರ್ಜಾಲದ ಬಹುಭಾಗ ಅದನ್ನು ನೆಚ್ಚಿಕೊಂಡಿತ್ತು. ಎಲ್ಲರದೂ ಆಗಿದ್ದುದರಿಂದ ಅದನ್ನು ನೋಡಿಕೊಳ್ಳುವ ಬೆರಳೆಣಿಕೆಯ ಜನರ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ನಿಧಾನದ ಸಮಸ್ಯೆಗೆ ಮುಕ್ತ ತಂತ್ರಾಂಶಗಳನ್ನು ಪೋಷಿಸುವ ಅಪಾಚೆ ಪ್ರತಿಷ್ಠಾನದ ಯೋಜನೆಗಳಲ್ಲಿ ಒಂದು ಕ್ರಮವಿದೆ. ಮಾಡಲಿರುವುದನ್ನು ಎಲ್ಲರೆದುರು ಬರೆಯಬೇಕು. ಸಾಮಾನ್ಯವಾಗಿ 72 ಗಂಟೆಯೊಳಗೆ ಯಾರೂ ಆಕ್ಷೇಪಿಸದಿದ್ದರೆ ಒಪ್ಪಿಗೆ ಸಿಕ್ಕಂತೆ. ತಂತ್ರಾಂಶದ ಬದಲಾವಣೆಯನ್ನು ತಡೆಯುವವರು ‘ಬೇಡ’ ಎಂದರೆ ಸಾಲದು, ಕಾರಣ ಕೊಡಬೇಕು. ಇದನ್ನು ತಂದರೆ ನನ್ನ ವಿರೋಧವಿಲ್ಲ.

ತೋಡಿನ ಬದಿ, ಎಣ್ಮಕಜೆ | ಜುಲೈ 7, ಸಂಜೆ 7.30

72 ಗಂಟೆ ಬೆಂಗಳೂರಿಗೆ ಸರಿ. ಆಷಾಢದ ಗಾಳಿಗೆ ಇಲ್ಲಿ ಮರ ಬಿದ್ದರೆ ಮೂರು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನಾವು ಸುಮ್ಮನಿದ್ದೇವೆ ಎಂದರೆ ಒಪ್ಪಿದ್ದೇವೆ ಎಂದಲ್ಲ. ಏಳು ದಿನ ಕೊಡಿ.

ತಾಳವಾಡಿಯಿಂದ | ಜುಲೈ 7, ರಾತ್ರಿ 10.10

ನಮಸ್ಕಾರ. ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿಯವನು ನಾನು. ನಮ್ಮಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ತಮಿಳು. ನಿಮ್ಮ ಪದಕೋಶ ನೋಡಿ ತಮಿಳಿಗೂ ಹೀಗೊಂದು ಬೇಕು ಎಂದು ನಾಲ್ಕು ಜನ ಸೇರಿ ಇನ್ನೂರು ಪದ ಕೂಡಿಸಿದ್ದೇವೆ. ವರ್ಷದ ಹಿಂದೆ ಕಳಿಸಿದ್ದೆವು, ಉತ್ತರ ಬರಲಿಲ್ಲ. ಪ್ರತ್ಯೇಕವಾಗಿ ಶುರುಮಾಡೋಣ ಎಂದುಕೊಂಡಿದ್ದೆವು. ಈ ಚರ್ಚೆ ಓದಿ ಕೇಳುತ್ತಿದ್ದೇನೆ: ಒಂದೇ ಮನೆಯಲ್ಲಿ ನಮಗೂ ಒಂದು ಕೋಣೆ ಸಿಗಬಹುದೆ? ತಮಿಳು ಪದಗಳ ತೀರ್ಮಾನ ನಮ್ಮದೇ ಆಗಿರಬೇಕು, ಅದೊಂದೇ ಕೋರಿಕೆ. ‘ವಿಣ್ಣಪ್ಪಂ’ ಎಂಬುದಕ್ಕೆ ಏನು ಬರೆಯಬೇಕು ಎಂದು ಬದಿಯಡ್ಕದವರನ್ನು ಕೇಳಿ ಕಾಯುವಂತಾಗಬಾರದು.

ಅಡ್ಕದಮನೆ, ಬದಿಯಡ್ಕ | ಜುಲೈ 9, ರಾತ್ರಿ 8.00

ತಾಳವಾಡಿಯ ಬಂಧುಗಳೇ, ನಿಮ್ಮ ಕಡತ ನನ್ನ ಹಳೆಯ ಅಂಚೆಯಲ್ಲಿ ತೆರೆಯದೆ ಬಿದ್ದಿತ್ತು. ನಿನ್ನೆ ನೋಡಿದೆ. ಎಂಥ ಅಚ್ಚುಕಟ್ಟಾದ ಕೆಲಸ! ಕೋಣೆಯೇಕೆ, ಒಂದು ಅಂಕಣವೇ ನಿಮ್ಮದು.

ಎರಡು ದಿನ ಯೋಚಿಸಿ ಹೀಗೆ ಮಾಡಬಹುದು ಎಂದುಕೊಂಡಿದ್ದೇನೆ. ಒಂದು ‘ಹೊಣೆ’ ಕಡತ ಇಡೋಣ, ಲಿನಕ್ಸಿನ ಹಾಗೆ. ಕಂದಾಯದ ಪದಗಳಿಗೆ ಮಂಜೇಶ್ವರದ ಅಕ್ಕ, ಶಾಲಾ ಪದಗಳಿಗೆ ನೀರ್ಚಾಲಿನ ತಮ್ಮ, ತಮಿಳಿಗೆ ತಾಳವಾಡಿಯವರು; ಅವರವರ ಭಾಗದಲ್ಲಿ ಅವರದೇ ಕೊನೆಯ ಮಾತು. ಉಪ್ಪಳದ ತಮ್ಮ ಕೇಳಿದ ಹೊಣೆ ಅಲ್ಲಿ ಹೆಸರು ಸಮೇತ ಇರುತ್ತದೆ. ಬಿಡುಗಡೆ ತಿಂಗಳಿಗೊಬ್ಬರಂತೆ, ಮಾಸ್ತರರು ಹೇಳಿದ ಜಾಗಟೆಯ ಕ್ರಮದಲ್ಲಿ. ಎಲ್ಲ ಭಾಗಗಳಿಗೂ ತಟ್ಟುವ ಬದಲಾವಣೆಗೆ ಏಳು ದಿನದ ಕಾಯುವಿಕೆ. ಡೊಮೈನ್, ಸರ್ವರ್, ಕಡತಗಳೆಲ್ಲ ಇರುವ ರೆಪೊಸಿಟರಿಯ ಕೀಲಿ ಮೂವರಲ್ಲಿ: ಪೆರಿಯದ ತಂಗಿ, ಉಪ್ಪಳದ ತಮ್ಮ, ನಾನು.

ಮಂಜೇಶ್ವರದ ಅನುವಾದಕಿ | ಜುಲೈ 9, ರಾತ್ರಿ 9.20

ಕಂದಾಯದ ಭಾಗ ವಹಿಸಿಕೊಳ್ಳುತ್ತೇನೆ. ಆದರೆ ಕೀಲಿಯ ಮೂವರೂ ಕೋಡ್ ಬರೆಯುವವರೇ. ಇದು ಪದಗಳ ಯೋಜನೆ. ಪದದವರ ಕೈಯಲ್ಲೂ ಒಂದು ಕೀಲಿ ಇರಬೇಕು. ಇಲ್ಲವಾದರೆ ನಾಳೆ ಮತ್ತೆ ತಂತ್ರ ಗೊತ್ತಿದ್ದವರೇ ಯಜಮಾನರಾಗುತ್ತಾರೆ. ನನಗೆ ಕೊಡಿ ಎಂದು ಕೇಳುತ್ತಿಲ್ಲ, ಮಾಸ್ತರರಿಗೆ ಕೊಡಿ.

ಕುಂಬಳೆಯ ನಿವೃತ್ತ ಮಾಸ್ತರ | ಜುಲೈ 9, ರಾತ್ರಿ 9.50

ನನಗೆ ಎಪ್ಪತ್ತೊಂದು ವರ್ಷ. ಕಲಿಸಿದರೆ ಕಲಿಯುತ್ತೇನೆ.

ಉಪ್ಪಳದವನು, ಈಗ ಬೆಂಗಳೂರು | ಜುಲೈ 9, ರಾತ್ರಿ 10.30

ನನ್ನ ಕೀಲಿ ಮಾಸ್ತರರಿಗೆ ಹೋಗಲಿ. ಭಾನುವಾರ ಊರಿಗೆ ಬರುತ್ತೇನೆ. ಮಾಸ್ತರರ ಮನೆಯಲ್ಲೇ ಕುಳಿತು ತೋರಿಸಿಕೊಡುತ್ತೇನೆ. ಅಣ್ಣ ಬಾಯಿಗೆ ಬೀಗ ಹಾಕಿಕೊಂಡು ಪಕ್ಕದಲ್ಲಿ ಕುಳಿತಿರಲಿ, ಕಟ್ಟದ ಹಿರಿಯರ ಹಾಗೆ.

ಪೆರಿಯದ ವಿದ್ಯಾರ್ಥಿನಿ | ಜುಲೈ 12, ಸಂಜೆ 5.40

ಕುಂಬಳೆಯಿಂದ ಈಗಷ್ಟೇ ಮರಳಿದೆ. ಮಾಸ್ತರರು ಸರ್ವರನ್ನು ಒಮ್ಮೆ ನಿಲ್ಲಿಸಿ, ಮತ್ತೆ ಅವರೇ ಎಬ್ಬಿಸಿದರು. ಒಂದು ಕಡೆ ತಪ್ಪು ಆಜ್ಞೆ ಬರೆದರು. ಅಣ್ಣನ ಕೈ ಎರಡು ಸಲ ಕೀಲಿಮಣೆಯ ಕಡೆಗೆ ಹೋಯಿತು, ಮುಟ್ಟಲಿಲ್ಲ. ಆಮೇಲೆ ‘ತೀರ್ವೆ’ ಸೇರಿ ನಲವತ್ತು ಪದಗಳನ್ನು ಅಕ್ಕನೇ ಮರಳಿ ಹಾಕಿದರು. ‘ಭೂಕಂದಾಯ’ವನ್ನೂ ಪಕ್ಕದಲ್ಲಿ ಉಳಿಸಿ, ಎರಡಕ್ಕೂ ಕಾರಣ ಬರೆದರು. ಜುಲೈ ಬಿಡುಗಡೆ ನನ್ನದು, ಆಗಸ್ಟ್ ನೀರ್ಚಾಲಿಗೆ.

ತಾಳವಾಡಿಯಿಂದ | ಜುಲೈ 14, ಬೆಳಿಗ್ಗೆ 8.15

ನಮ್ಮ ಮೊದಲ ಐವತ್ತು ಪದ ಸೇರಿಸಿದೆವು. ಒಂದು ಸಂಶಯ. ನಮ್ಮ ಕಡೆ ಬೆಳೆ ಮತ್ತು ಜಮೀನಿನ ದಾಖಲೆಗೆ ‘ಅಡಂಗಲ್’ ಎನ್ನುತ್ತಾರೆ. ‘ಪಹಣಿ’ ಎಂದು ಕೊಡಬಹುದೆ? ಪದ ನಮ್ಮದೇ ಭಾಗದ್ದು, ತೀರ್ಮಾನ ನಾವೇ ಮಾಡುತ್ತೇವೆ. ತಿಳಿದವರ ಮಾತು ಕೇಳೋಣ ಎಂದು.

ಕುಂಬಳೆಯ ನಿವೃತ್ತ ಮಾಸ್ತರ | ಜುಲೈ 14, ಬೆಳಿಗ್ಗೆ 9.00

ಕೊಡಬಹುದು. ಆದರೆ ‘ಅಡಂಗಲ್’ ನಮಗೂ ಹೊಸದಲ್ಲ. 1956ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದಲ್ಲೇ ಇತ್ತಲ್ಲವೇ, ನನ್ನ ತಂದೆಯವರ ಪೆಟ್ಟಿಗೆಯ ಹಳೆಯ ಕಾಗದಗಳಲ್ಲಿ ಆ ಪದ ಇದೆ. ಒಂದು ಹಾಳೆಯ ಚಿತ್ರ ಕಳಿಸುತ್ತೇನೆ, ನೋಡಿ ನಿರ್ಧರಿಸಿ.